ಯೆಜ್ಡಿಯ ಎರಡನೇ ಹೊಟ್ಟೆ

ಹಳೇ ಯೆಜ್ಡಿಗೆ ಯಾವ ಆಯಿಲ್ ಹಾಕಬೇಕು ಅಂತ ಈಗಲೂ ಹುಡುಗರು ಕೇಳುತ್ತಾರೆ. ಯಾವ ಹೊಟ್ಟೆಗೆ ಅಂತ ನಾನು ತಿರುಗಿ ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಭಾವನ ಆಗುಂಬೆ ಪ್ರಸಂಗ ಹೇಳದೆ ವಿಧಿಯಿಲ್ಲ. ಹೇಗೂ ಮಳೆ ಹಿಡಿದು ಕೂತಿದೆ, ಒಲೆಗೆ ಇನ್ನೊಂದು ಕುಂಟೆ ತಳ್ಳಿ, ನಿಮಗೂ ಹೇಳಿಬಿಡುತ್ತೇನೆ.

ಭಾವನದು ರೋಡ್‌ಕಿಂಗ್. 1978ರಲ್ಲಿ ಬಂದ ಮಾದರಿ. 250 ಸಿಸಿ, ಟು-ಸ್ಟ್ರೋಕ್, ಆಚೆಗೊಂದು ಈಚೆಗೊಂದು ಸೈಲೆನ್ಸರ್. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಅಂತಲೂ 1973ರಿಂದ ಯೆಜ್ಡಿ ಅಂತಲೂ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಭಾವ ಕೆಲಸದ ಮೇಲೆ ಮೈಸೂರಿನಲ್ಲಿದ್ದವರು, ಬರುವಾಗ ಅಲ್ಲಿಂದ ತಂದ ಆಸ್ತಿಯೆಂದರೆ ಇದೊಂದೇ ಅಂತ ಅಕ್ಕ ಹಂಗಿಸುತ್ತಿದ್ದಳು. ಕಾರ್ಖಾನೆಯೇ ಇಲ್ಲದ ಬೈಕಿಗೆ ತವರಿಲ್ಲದ ಹೆಣ್ಣಿನ ಹಾಗೆ ಉಪಚಾರ ಹೆಚ್ಚು ಬೇಕು ಅನ್ನುವುದು ಭಾವನ ವಾದ. ಆ ಉಪಚಾರವೇ ಮುಳುವಾಯಿತು.

ಟು-ಸ್ಟ್ರೋಕ್ ಗಾಡಿಗೆ ಎಣ್ಣೆ ಹೋಗುವ ದಾರಿ ಎರಡು. ಒಂದು ಪೆಟ್ರೋಲ್ ಟ್ಯಾಂಕು. ಪಿಸ್ಟನ್ನು, ಕ್ರ್ಯಾಂಕಿನ ಬೇರಿಂಗು ಇವಕ್ಕೆಲ್ಲ ಪೆಟ್ರೋಲಿನ ಜೊತೆ ಬೆರೆತು ಬರುವ ಟು-ಟಿ ಆಯಿಲೇ ಗತಿ. ಅದು ಕೆಲಸ ಮುಗಿಸಿ ಪೆಟ್ರೋಲಿನೊಂದಿಗೇ ಉರಿದು ಸೈಲೆನ್ಸರಿನಿಂದ ಹೊರಬೀಳುತ್ತದೆ. ಬಂಕಿನಲ್ಲಿ ಗಾಜಿನ ಕೊಳವೆಯ ಕೈಪಂಪು ಇಟ್ಟಿರುತ್ತಿದ್ದರಲ್ಲ, ಅದರಿಂದ ಭಾವ ಲೀಟರಿಗೆ 40 ಎಂಎಲ್ ಲೆಕ್ಕದಲ್ಲಿ ಹಾಕಿಸುತ್ತಿದ್ದರು, ಹಾಕಿಸಿ ಬೈಕನ್ನು ಎರಡು ಸಲ ಅಲುಗಾಡಿಸುತ್ತಿದ್ದರು. ಅದರಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎರಡನೆಯದು ಗೇರ್ ಬಾಕ್ಸ್. ಸುಮಾರು ಒಂದು ಲೀಟರ್ ಎಣ್ಣೆ ಅಲ್ಲಿ ನಿಂತಿರುತ್ತದೆ. ಗೇರುಗಳಷ್ಟೇ ಅಲ್ಲ, ಕ್ಲಚ್ಚೂ ಅದರಲ್ಲೇ ಮುಳುಗಿರುತ್ತದೆ. ಎಲ್ಲರೂ ಮರೆಯುವುದು ಇದನ್ನೇ.

ಒಂದು ವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಭಾವ ಗೇರ್ ಆಯಿಲ್ ಬದಲಾಯಿಸಿದರು. ಕಾರಿನವರು ಹಾಕಿಸುವ ಫುಲ್ ಸಿಂಥೆಟಿಕ್, 5ಡಬ್ಲ್ಯು-30, ಮೂರೂವರೆ ಲೀಟರಿನ ಡಬ್ಬ. ಅಂಗಡಿಯವನು ಕಪಾಟಿನ ಮೇಲಿನ ತಟ್ಟಿನಿಂದ ಇಳಿಸಿಕೊಟ್ಟನಂತೆ, ಮೇಲಿಟ್ಟದ್ದು ಅಂದಮೇಲೆ ಮೇಲಾದದ್ದೇ ಇರಬೇಕು. ಮರುವಾರ ತೀರ್ಥಹಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಉಡುಪಿಯಿಂದ ಹೊರಟೆವು, ನಾನು ಹಿಂದೆ ಕೂತಿದ್ದೆ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಗಾಡಿ ಹೂವಿನ ಹಾಗೆ ಓಡಿತು. ಗೇರ್ ಎಷ್ಟು ಮೆತ್ತಗೆ ಬೀಳ್ತದೆ ನೋಡು ಮಾರಾಯ ಅಂತ ಭಾವ ಹಿಂದಕ್ಕೆ ತಿರುಗಿ ಕೂಗಿದ್ದೂ ನೆನಪಿದೆ.

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವು. ಮೊದಲ ಕೆಲವು ಹೇಗೋ ಕಳೆದವು. ಆಮೇಲೆ ಭಾವ ಎಕ್ಸಲೇಟರ್ ತಿರುವಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಹಿಂದಿನ ಚಕ್ರ ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಮೂರರಿಂದ ಎರಡು, ಎರಡರಿಂದ ಒಂದಕ್ಕೆ ಇಳಿಸಿದರೂ ಅದೇ ರಾಗ. ಸಾಲದ್ದಕ್ಕೆ ಹಿಂದೆ ಬೆಳ್ಳಗೆ ಹೊಗೆ. ನಾನು ಇಳಿದೆ. ಭಾವ ಒಬ್ಬರೇ ಒಂದನೇ ಗೇರಿನಲ್ಲಿ ಗಾಡಿಯನ್ನು ಪುಸಲಾಯಿಸಿಕೊಂಡು ಹೋಗುವುದು, ನಾನು ಅಡ್ಡದಾರಿ ಸಿಕ್ಕಲ್ಲಿ ಹತ್ತಿ ಮುಂದಿನ ತಿರುವಿನಲ್ಲಿ ಕಾಯುವುದು, ಹೀಗೆ ಸೂರ್ಯಾಸ್ತ ನೋಡುವ ಕಟ್ಟೆಯವರೆಗೆ ಬಂದೆವು. ಅಲ್ಲಿಂದಾಚೆ ಅಂಥ ಏರಿಲ್ಲ. ತೀರ್ಥಹಳ್ಳಿಯ ಮೂವತ್ತು ಚಿಲ್ಲರೆ ಕಿಲೋಮೀಟರನ್ನು ಎಮ್ಮೆಯ ನಡಿಗೆಯಲ್ಲಿ ಮುಗಿಸಿದೆವು. ಗೃಹಪ್ರವೇಶದ ಊಟ ತಪ್ಪಿತು.

ಅಲ್ಲಿಯ ಮೆಕ್ಯಾನಿಕ್ ಆಚಾರ್ರು ವಯಸ್ಸಾದವರು, ಮಾತು ಕಡಿಮೆ. ಮೊದಲು ಕ್ಲಚ್ ಕೇಬಲ್ಲಿನ ಸಡಿಲ ನೋಡಿದರು. ಸರಿಯಾಗಿಯೇ ಇತ್ತು. ಯೆಜ್ಡಿಯಲ್ಲಿ ಗೇರ್ ಪೆಡಲ್ ಒತ್ತಿದರೂ ಕ್ಲಚ್ ಬಿಡಿಸಿಕೊಳ್ಳುತ್ತದೆ, ಅಲ್ಲೇನಾದರೂ ಹಿಡಿದುಕೊಂಡಿದೆಯೋ ಅಂತ ಅದನ್ನೂ ಪರೀಕ್ಷಿಸಿದರು. ಆಮೇಲೆ ಕೆಳಗೆ ಬಾಣಲೆ ಇಟ್ಟು ಡ್ರೈನ್ ನಟ್ ಬಿಚ್ಚಿದರು. ಇಳಿದ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಸಿ, ಬಾಣಲೆಯ ಮಟ್ಟ ನೋಡಿ ಹುಬ್ಬು ಗಂಟಿಕ್ಕಿದರು.

“ಇದಕ್ಕೆ ಯಾವ ಆಯಿಲ್ ಹಾಕಿದ್ರಿ ಮಾರಾಯ್ರೇ?”

“ಒಳ್ಳೇದೇ ಹಾಕಿದ್ದು.”

“ಒಳ್ಳೇದು ಯಾರಿಗೆ?”

ಭಾವ ಉತ್ತರ ಕೊಡಲಿಲ್ಲ.

ಆಚಾರ್ರು ಎಡಗಡೆಯ ಕವರ್ ತೆಗೆದು ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದರು. ಒಂದನ್ನು ನನ್ನ ಕೈಗೆ ಕೊಟ್ಟರು. ಉಕ್ಕಿನ ತಟ್ಟೆಯ ಅಂಚಿಗೆ ಸುತ್ತಲೂ ಬಿರಡೆಯ ತುಂಡುಗಳನ್ನು ಕೂರಿಸಿದ್ದರು, ಬಾಟಲಿ ಬಾಯಿಗೆ ಹಾಕುವ ಅದೇ ಕಾರ್ಕು. ಉಗುರಿನಿಂದ ಒತ್ತಿದರೆ ಒಳಗೆ ಹೀರಿದ ಎಣ್ಣೆ ಒಸರುತ್ತಿತ್ತು. ಈ ಬಿರಡೆ ಪಕ್ಕದ ಬರೀ ಉಕ್ಕಿನ ಪ್ಲೇಟನ್ನು ಕಚ್ಚಿ ಹಿಡಿದರೆ ಗಾಡಿ ಮುಂದೆ ಹೋಗುತ್ತದೆ, ಹಿಡಿಯದಿದ್ದರೆ ಇಲ್ಲ. ಕಾರಿನ ಕ್ಲಚ್ಚು ಎಂಜಿನ್ ಎಣ್ಣೆಯ ಹೊರಗೆ ಒಣಗಿ ಕೂತಿರುತ್ತದೆ. ಹಾಗಾಗಿ ಕಾರಿನ ಎಣ್ಣೆಗೆ ತಿಕ್ಕಾಟ ತಗ್ಗಿಸುವ ಮದ್ದನ್ನು ಧಾರಾಳವಾಗಿ ಬೆರೆಸಬಹುದು, ಅದರಿಂದ ಮೈಲೇಜೂ ಏರುತ್ತದೆ. ಅದೇ ಮದ್ದು ಈ ಬಿರಡೆಗೆ ಹತ್ತಿದರೆ? ಆಗುಂಬೆಯ ತಿರುವಿನಲ್ಲಿ ಆದದ್ದೇ ಆಗುತ್ತದೆ. “ಅದರ ಕೆಲಸ ಜಾರಿಸೋದು, ಇದರ ಕೆಲಸ ಹಿಡಿಯೋದು, ಇಬ್ಬರನ್ನೂ ಒಂದೇ ಮನೇಲಿ ಕೂಡಿಹಾಕಿದ್ರಿ” ಅಂದರು ಆಚಾರ್ರು. ಅವರು ಅಂದು ಆಡಿದ ಉದ್ದ ಮಾತು ಅದೊಂದೇ.

ಹೊಗೆಯ ಗುಟ್ಟು ಬಾಣಲೆಯಲ್ಲಿತ್ತು. ಹಾಕಿದಷ್ಟು ಎಣ್ಣೆ ಇಳಿದಿರಲಿಲ್ಲ. ಕ್ಲಚ್ಚಿನ ಬದಿಯ ಕ್ರ್ಯಾಂಕ್ ಸೀಲ್ ಸವೆದರೆ ಎಂಜಿನ್ನು ಗೇರ್ ಬಾಕ್ಸಿನ ಎಣ್ಣೆಯನ್ನೇ ಹೀರಿ ಉರಿಸುತ್ತದೆ, ಬಿಳಿ ಹೊಗೆ ಅದರದ್ದು. ಸವೆದ ಸೀಲಿನ ಸಂದಿಯಲ್ಲಿ ಗಟ್ಟಿ ಎಣ್ಣೆ ಸ್ವಲ್ಪವಾದರೂ ತಡೆದು ನಿಲ್ಲುತ್ತದೆ. ಡಬ್ಬದ ಮೇಲಿನ ಕೊನೆಯ ಅಂಕೆ ಎಂಜಿನ್ ಕಾದಾಗಿನ ದಪ್ಪವನ್ನು ಹೇಳುತ್ತದೆ, ಅಳೆಯುವುದು 100 ಡಿಗ್ರಿಯಲ್ಲಿ. 40ಕ್ಕಿಂತ 30 ತೆಳು. ಮೊದಲ ಅಂಕೆ ಚಳಿಯದು. 5ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 20ಡಬ್ಲ್ಯುವನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಆಗುಂಬೆಯಲ್ಲಿ ಏನಿದ್ದರೂ ಮಳೆ ಸುರಿಯುತ್ತದೆ, ಹಿಮ ಅಲ್ಲ. ಆ 5ಕ್ಕೆ ಭಾವ ಕೊಟ್ಟ ದುಡ್ಡು ಯಾವುದೋ ಹಿಮದ ದೇಶದ ಖಾತೆಗೆ.

ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದರು. ಬಿರಡೆ ಒಣಗಿದ್ದನ್ನು ಹಾಗೇ ಕೂರಿಸಿದರೆ ಸುಟ್ಟೀತು ಅಂತ ಹೊಸ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದರು. ಆ ಹೊಸ ಎಣ್ಣೆ ಸಾದಾ ಬೈಕಿನದು, 20ಡಬ್ಲ್ಯು-40. ಅದರ ಬೆನ್ನ ಮೇಲಿನ ಸಣ್ಣ ಚೌಕವನ್ನು ಭಾವನಿಗೆ ತೋರಿಸಿದರು: ಜಾಸೊ ಎಂಎ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗಾಗಿ ಜಪಾನಿನವರು 1998ರಲ್ಲಿ ಮಾಡಿದ ಗುರುತು ಅದು. ಎಂಬಿ ಅಂತಿದ್ದರೆ ಗೇರಿಲ್ಲದ ಸ್ಕೂಟರಿನದು, ಮುಟ್ಟಬಾರದು. ಸಿಂಥೆಟಿಕ್ ಆದ ಮಾತ್ರಕ್ಕೆ ಕೆಟ್ಟದ್ದೇನಲ್ಲ, ಎಂಎ ಗುರುತಿನ ಸಿಂಥೆಟಿಕ್ಕೂ ಸಿಗುತ್ತದೆ. ಆದರೆ ಸೀಲು ಸೋರುವ ಯೆಜ್ಡಿಗೆ ಅಷ್ಟು ದುಡ್ಡು ಸುರಿದರೆ ಆ ದುಡ್ಡೂ ಹೊಗೆಯಾಗಿ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ. 2022ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂದ ಬೈಕು ಫೋರ್-ಸ್ಟ್ರೋಕ್, ಅದರ ಪಾಡು ಬೇರೆ, ಅದಕ್ಕೆ ಪುಸ್ತಕದಲ್ಲಿ ಬರೆದದ್ದು ಹಾಕಿ.

ಮರುದಿನ ಗಾಡಿ ಎಂದಿನಂತೆ ಹಿಡಿದು ಎಳೆಯಿತು. ಸೀಲ್ ಬದಲಾಯಿಸಲು ಎಂಜಿನ್ ಇಳಿಸಬೇಕು, ಪುರಸೊತ್ತಿನಲ್ಲಿ ಬನ್ನಿ ಅಂದರು ಆಚಾರ್ರು. ಭಾವ ಆ ಬೇಸಗೆಯಲ್ಲಿ ಹೋಗಿ ಅದನ್ನೂ ಮಾಡಿಸಿಕೊಂಡು ಬಂದರು.

ಡಬ್ಬದಲ್ಲಿ ಎರಡೂವರೆ ಲೀಟರ್ ಉಳಿದಿತ್ತಲ್ಲ. ಅಕ್ಕ ಅದನ್ನು ಬಾವಿಯ ರಾಟೆಗೂ ಗೇಟಿನ ಕೀಲಿಗೂ ಬಿಡತೊಡಗಿದಳು. ರಾಟೆಯ ಕೀರಲು ನಿಂತೇಹೋಯಿತು. ಇಷ್ಟು ವರ್ಷಕ್ಕೆ ನಿಮ್ಮ ಯೆಜ್ಡಿಯಿಂದ ಮನೆಗೊಂದು ಉಪಕಾರವಾಯಿತು ಅಂತ ಭಾವನೆದುರೇ ಅಂದಳು.