ಕೋಟನೂರ ದಾರಿಯಲ್ಲಿ ನೆಟ್ಟನೆಯ ಸವಾರಿ

ಕಲಬುರಗಿಯ ರಾಮಮಂದಿರ ವೃತ್ತ ದಾಟಿ ಜೇವರ್ಗಿ ರಸ್ತೆ ಹಿಡಿದರೆ, ಊರು ಮುಗಿಯಿತು ಅನ್ನುವಷ್ಟರಲ್ಲಿ ಕೋಟನೂರ ಬರುತ್ತದೆ. ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಈಗ ನಗರದ ಬಡಾವಣೆಗಳು ಅದರ ಅಂಗಳಕ್ಕೇ ಬಂದಿವೆ. ಹುಮನಾಬಾದ, ಕಮಲಾಪುರಗಳ ಕಡೆಯಿಂದ ಬಂದು ಕಲಬುರಗಿ ಹಾಯ್ದು ಜೇವರ್ಗಿಗೆ ಇಳಿಯುವ 50ನೇ ರಾಷ್ಟ್ರೀಯ ಹೆದ್ದಾರಿ ಇದೇ. ಲಾರಿ, ಬಸ್ಸು, ಟಂಟಂಗಳ ಸದ್ದಿನ ಪಕ್ಕದಲ್ಲೇ, ರಸ್ತೆಯ ಅಂಚು ಹಿಡಿದು ಸೈಕಲ್ಲುಗಳೂ ಸಾಗುತ್ತವೆ.

ಇಂಥ ದಾರಿಯಲ್ಲಿ ಎರಡು ಬಗೆಯ ಸವಾರರು ಸಿಗುತ್ತಾರೆ. ತಲೆಗೆ ಟವೆಲ್ ಸುತ್ತಿ, ಕರಿ ಸೈಕಲ್ಲಿನ ಮೇಲೆ ಕಂಬದಂತೆ ನೆಟ್ಟಗೆ ಕೂತು, ಅವಸರವಿಲ್ಲದೆ ಪೆಡಲ್ ತುಳಿಯುವ ಹಿರಿಯರು ಒಂದು ಕಡೆ. ನೇರ ಹ್ಯಾಂಡಲಿನ ಮೇಲೆ ಬಾಗಿ, ಬೆನ್ನಿನ ಮೇಲೆ ಪುಸ್ತಕದ ಚೀಲ ಹೊತ್ತ ಹುಡುಗರು ಇನ್ನೊಂದು ಕಡೆ. ದಿನಾ ನಡ ನೋಯಿಸಿಕೊಂಡು ತರಗತಿಗೆ ಬರುವ ಮಗುವಿನ ಮನಸ್ಸು ಪಾಠದಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ಸೈಕಲ್ ಕೊಡಿಸುವ ತಂದೆ-ತಾಯಿಗಳು ಬಣ್ಣ ನೋಡುವ ಮೊದಲು ದಾರಿಯನ್ನು ನೋಡಬೇಕು.

ಇಲ್ಲಿಯ ದಾರಿಯ ಗುಣ ಇಲ್ಲಿಯ ಮಣ್ಣಿನ ಗುಣ. ತೊಗರಿ ಬೆಳೆಯುವ ಈ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಕ್ರಮೇಣ ಅಲೆಅಲೆಯಾಗುವುದು ಈ ಕಾರಣಕ್ಕೆ. ಒಳದಾರಿ ಹಿಡಿದರಂತೂ ಮಳೆಯಲ್ಲಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನೇ ಹೊತ್ತು ನಡೆಯಬೇಕಾಗುತ್ತದೆ.

ಕುಣಿ-ದಿಬ್ಬಗಳ ನಡುವೆ ಹಳೆಯ ಕರಿ ಸೈಕಲ್ಲು ಹಿತವಾಗಿರುವುದಕ್ಕೆ ಕಾರಣಗಳಿವೆ. ಅದರ 28 ಇಂಚಿನ ದೊಡ್ಡ ಗಾಲಿ ಸಣ್ಣ ಕುಣಿಯೊಳಗೆ ಪೂರ್ತಿ ಇಳಿಯದೆ ಮೇಲೆಯೇ ಉರುಳಿಬಿಡುತ್ತದೆ. ಎರಡು ಗಾಲಿಗಳ ನಡುವೆ ಅಂತರ ಹೆಚ್ಚಿರುವುದರಿಂದ ಏಟು ಮೆತ್ತಗಾಗಿ ಬರುತ್ತದೆ. ನೆಟ್ಟಗೆ ಕೂತವನ ಭಾರ ಅಂಗೈ ಮೇಲೆ ಬೀಳುವುದಿಲ್ಲ, ಕುತ್ತಿಗೆ ಎತ್ತಿ ನೋಡಬೇಕಿಲ್ಲ. ಆದರೆ ಆ ಭಾರವೆಲ್ಲ ಸೀಟಿನ ಮೇಲಿರುವುದರಿಂದ ಏಟು ನೇರ ಬೆನ್ನುಹುರಿಗೆ ಹತ್ತುತ್ತದೆ. ಸೀಟಿನ ಕೆಳಗೆ ದಪ್ಪ ಸ್ಪ್ರಿಂಗ್ ಇಟ್ಟಿದ್ದು ಅದಕ್ಕಾಗಿಯೇ. ಮುಂದಿನ ಶಾಕ್ ಅಬ್ಸಾರ್ಬರ್ ನೋಡಿ ಮಕ್ಕಳು ಹಟ ಹಿಡಿಯುತ್ತಾರೆ. ಅದು ಕೈಗೆ ಬರುವ ಏಟನ್ನು ತಡೆಯುತ್ತದೆಯೇ ಹೊರತು ಹಿಂದಿನ ಗಾಲಿಯಿಂದ ಸೀಟಿಗೆ ಬರುವುದನ್ನಲ್ಲ.

ಎಲ್ಲಕ್ಕಿಂತ ದೊಡ್ಡ ಸ್ಪ್ರಿಂಗ್ ಟೈರಿನೊಳಗಿನ ಗಾಳಿ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಈಗಿನ ಸೈಕಲ್ಲಿನ ರೂಪ ಕೊಟ್ಟಾಗ ಅದಕ್ಕಿದ್ದದ್ದು ಗಟ್ಟಿ ರಬ್ಬರಿನ ಗಾಲಿ. ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿ, 1888ರಲ್ಲಿ ಪೇಟೆಂಟ್ ಪಡೆದ. ಒಬ್ಬ ತಂದೆಯ ಕಾಳಜಿ ಲೋಕದ ಸವಾರಿಯನ್ನೇ ಹಗುರ ಮಾಡಿತು! ಗಾಳಿ ಹೆಚ್ಚಾದರೆ ಸೈಕಲ್ಲು ಕುಣಿಯುತ್ತದೆ, ಕಡಿಮೆಯಾದರೆ ತುಳಿಯುವುದು ಭಾರ. ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಕರಿ ಸೈಕಲ್ಲಿಗೂ ಮಿತಿಯುಂಟು. ಸುಮಾರು 20 ಕಿಲೊ ತೂಕದ ಅದು ಸಣ್ಣ ಮಕ್ಕಳಿಗೆ ಹೊರೆ. ನೆಟ್ಟಗೆ ಕೂತ ಎದೆ ಗಾಳಿಗೆ ಹಾಯಿಯಾಗುತ್ತದೆ. ಆಷಾಢದ ಪಡುವಣ ಗಾಳಿ ಎದುರಾದಾಗ ತೊಡೆಗಳಿಗೆ ಅದರ ಲೆಕ್ಕ ಗೊತ್ತಾಗುತ್ತದೆ. ಹತ್ತು ಕಿಲೊಮೀಟರಿನೊಳಗಿನ ಶಾಲೆಯ ಹಾದಿಗೆ ನೆಟ್ಟನೆಯ ಸವಾರಿ ಸಾಕು. ಅದಕ್ಕಿಂತ ದೂರವಾದರೆ ತುಸು ಬಾಗಿ ಕೂರುವುದೇ ಲೇಸು.

2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಹಳ್ಳಿಗೂ ಇಂಥ ನೆಟ್ಟನೆಯ ಸೈಕಲ್ಲು ತಲುಪಿತು. ಎಂಟರಲ್ಲಿ ಸೈಕಲ್ ಏರಿದ ಮಗು ಹತ್ತಕ್ಕೆ ಬರುವಷ್ಟರಲ್ಲಿ ಗೇಣುದ್ದ ಬೆಳೆದಿರುತ್ತದೆ. ಸೀಟು ಮಾತ್ರ ಮೊದಲ ದಿನ ಇದ್ದಲ್ಲೇ ಇರುತ್ತದೆ! "ಕಾಲು ನೆಲಕ್ಕ ಹತ್ತಲಿ, ಸೀಟು ಕೆಳಗ ಮಾಡ್ರಿ" ಎಂದು ಅಂಗಡಿಯಲ್ಲಿ ಹೇಳುವುದು ಕಲಿಯುವ ದಿನಗಳಿಗೆ ಸರಿ. ಕಲಿತ ಮೇಲೂ ಹಾಗೇ ಬಿಟ್ಟರೆ ಮೊಣಕಾಲು ಮಡಚಿದಂತೆಯೇ ದುಡಿದು ನೋಯುತ್ತದೆ. ಪೆಡಲನ್ನು ತೀರ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಅದೇ ಸರಿಯಾದ ಎತ್ತರ. ಸೀಟಿನ ಕಂಬಿಯ ಮೇಲೆ ಕೊರೆದ ಗೆರೆ ಮಾತ್ರ ಹೊರಗೆ ಕಾಣಬಾರದು. ಪುಸ್ತಕದ ಚೀಲ ಬೆನ್ನಿನಿಂದ ಕ್ಯಾರಿಯರಿಗೆ ಇಳಿದರೆ ಅರ್ಧ ನೋವು ಅಲ್ಲೇ ಇಳಿಯಿತು.

ಹಿತವಾದ ಸವಾರಿ ಎಂದರೆ ಸುರಕ್ಷಿತ ಸವಾರಿ ಎಂದಲ್ಲ. ಹೆದ್ದಾರಿಯಲ್ಲಿ ಲಾರಿ ಹಾಯುವಾಗಿನ ಗಾಳಿಯ ತಳ್ಳಾಟವನ್ನು ಯಾವ ಸ್ಪ್ರಿಂಗೂ ತಡೆಯದು. ಬ್ರೇಕು ಬಿಗಿಯಿರಲಿ, ಸಂಜೆಗೆ ಹಿಂದೊಂದು ಕೆಂಪು ದೀಪವಿರಲಿ, ಸಾಧ್ಯವಿದ್ದಲ್ಲಿ ಒಳದಾರಿ ಇರಲಿ. ಮುಂದಿನ ಭಾನುವಾರ ಮಗುವನ್ನು ಸೈಕಲ್ಲಿನ ಮೇಲೆ ಕೂರಿಸಿ, ಒಂದು ಪಾನಾ ಹಿಡಿದು ಪಕ್ಕದಲ್ಲಿ ನಿಲ್ಲಿ. ಹತ್ತು ನಿಮಿಷದ ಆ ಕೆಲಸಕ್ಕೆ ಹಣ ಬೇಕಿಲ್ಲ. ಸೋಮವಾರದ ದಾರಿ ಮಾತ್ರ ಮಗುವಿಗೆ ಮೊದಲಿಗಿಂತ ಹತ್ತಿರವಾಗುತ್ತದೆ.