ಕಂಡಕ್ಟರರ ಸೀಟಿ

ಹಳಿಯಾಳದಲ್ಲೊಂದು ಇಂಜಿನಿಯರಿಂಗ್ ಕಾಲೇಜಿದೆ. ಎಲೆಕ್ಟ್ರಾನಿಕ್ಸ್ ಓದುವವರು ಅಲ್ಲಿರಲಿ, ಬೇರೆಲ್ಲೇ ಇರಲಿ, ಪರೀಕ್ಷೆಗೆ ಉರು ಹೊಡೆಯುವ ಪ್ರಶ್ನೆಗಳಲ್ಲಿ ಇದೂ ಒಂದು: ಮಿಡಿತಗಳಲ್ಲಿ ಸಂದೇಶ ಸಾಗಿಸುವ ಬಗೆಗಳಾದ ಪಿಎಎಂ, ಪಿಡಬ್ಲ್ಯೂಎಂ, ಪಿಪಿಎಂಗಳನ್ನು ಹೋಲಿಸಿ. ಗೆರೆ ಎಳೆದು ಕೋಷ್ಟಕ ತುಂಬಿಸಿದರೆ ಮಾರ್ಕ್ಸು ಬೀಳುತ್ತದೆ. ವಿಷಯ ತಲೆಗಿಳಿಯುತ್ತದೆಂಬ ಖಾತ್ರಿಯಿಲ್ಲ. ನನ್ನ ಕೇಳಿದರೆ ದಾಂಡೇಲಿಯಿಂದ ಜೋಯಿಡಾ ಮೇಲೆ ಕಾರವಾರಕ್ಕೆ ಹೋಗುವ ಬಸ್ಸಿನ ಕಂಡಕ್ಟರರೇ ಇದಕ್ಕೆ ತಕ್ಕ ಮೇಷ್ಟ್ರು.

ಒಂದು ಸೀಟಿ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಮುಂಡಗೋಡ ಬಸ್ಸಿನ ಟಿಬೆಟನ್ ಭಿಕ್ಷುಗಳಿಗೂ ಹಳಿಯಾಳ ಬಸ್ಸಿನ ಸಿದ್ದಿ ಅಜ್ಜಿಗೂ ಇದು ಗೊತ್ತು. ಅದರ ಬದಲು, ಮೆಲ್ಲಗೆ ಊದಿದರೆ ನಿಲ್ಲು, ಜೋರಾಗಿ ಊದಿದರೆ ಹೊರಡು ಅಂತ ಮಾಡಿದರೆ? ಅದೇ ಪಿಎಎಂ. ಮಿಡಿತದ ಎತ್ತರದಲ್ಲೇ ಮಾತೆಲ್ಲ. ಅಣಶಿ ಘಟ್ಟ ಏರುವ ಇಂಜಿನ್ನಿನ ಗದ್ದಲದಲ್ಲಿ ಮೆಲ್ಲಗಿನದು ಯಾವುದು, ಜೋರಿನದು ಯಾವುದು? ಗಿಡ್ಡ ಸೀಟಿಗೆ ನಿಲ್ಲು, ಉದ್ದ ಸೀಟಿಗೆ ಹೊರಡು ಎಂದರೆ ಪಿಡಬ್ಲ್ಯೂಎಂ. ಇಲ್ಲಿ ಶುರುವಾದದ್ದೂ ಮುಗಿದದ್ದೂ ತಿಳಿದರೆ ಸಾಕು, ಗದ್ದಲ ಕೆಡಿಸುವುದು ಕಡಿಮೆ. ಆ ಎರಡು ಅಂಚುಗಳು ಚೂಪಾಗಿರಬೇಕೆಂದರೆ ಬ್ಯಾಂಡ್‌ವಿಡ್ತ್ ಹೆಚ್ಚು ತೆರಬೇಕು, ಅದು ಬೇರೆ ಮಾತು. ಇನ್ನು ಸೀಟಿಯ ಜೋರೂ ಉದ್ದವೂ ಒಂದೇ ಇದ್ದು, ಯಾವ ಕ್ಷಣಕ್ಕೆ ಬಂತು ಎಂಬುದರಲ್ಲೇ ಅರ್ಥವಿದ್ದರೆ ಪಿಪಿಎಂ. ಉಸಿರು ಉಳಿಯುತ್ತದೆ, ಆದರೆ ಡ್ರೈವರ್, ಕಂಡಕ್ಟರ್ ಇಬ್ಬರ ಗಡಿಯಾರವೂ ಕೂಡಿ ನಡೆಯಬೇಕು. ನಮ್ಮ ಬಸ್ಸುಗಳಲ್ಲಿ ಸೀಟಿ ಎಣಿಸುವ ಪದ್ಧತಿ ಇವೆಲ್ಲ ಬಿಟ್ಟು, ಸಂದೇಶವನ್ನು ಅಂಕಿಗಳಾಗಿಸಿ ಕಳಿಸುವ ಪಿಸಿಎಂ ಕಡೆಗೆ ವಾಲುತ್ತದೆ.

ಆ ಪಿಸಿಎಂ 1937ರಲ್ಲಿ ಪ್ಯಾರಿಸ್‌ನಲ್ಲಿದ್ದ ಇಂಗ್ಲಿಷ್ ಇಂಜಿನಿಯರ್ ಅಲೆಕ್ ರೀವ್ಸ್ ತಲೆಗೆ ಹೊಳೆದದ್ದು. ದನಿಯನ್ನು ಸೆಕೆಂಡಿಗೆ 8,000 ಸಲ ಅಳೆ, ಪ್ರತಿ ಅಳತೆಯನ್ನೂ 256 ಮಟ್ಟಗಳಲ್ಲಿ ಹತ್ತಿರದ್ದಕ್ಕೆ ಕೂರಿಸು, 8 ಬಿಟ್‌ಗಳಲ್ಲಿ ಬರೆ: ದೂರವಾಣಿ ಒಪ್ಪಿಕೊಂಡ ಲೆಕ್ಕ ಇದು. ಒಂದು ಮಾತುಕತೆಗೆ ಸೆಕೆಂಡಿಗೆ 64,000 ಬಿಟ್. ಕೂರಿಸುವಾಗ ಚೂರುಪಾರು ನಷ್ಟ ಆಗಿಯೇ ಆಗುತ್ತದೆ. ಆದರೆ ದಾರಿಯಲ್ಲಿ ಮಂಕಾದ ಬಿಟ್ಟನ್ನು ಮತ್ತೆ ಹೊಸದಾಗಿ ಹುಟ್ಟಿಸಬಹುದು, ಅದೇ ಇದರ ದೊಡ್ಡಸ್ತಿಕೆ. ವಾಲ್ವುಗಳ ಕಾಲದಲ್ಲಿ ಕೈಗೆಟುಕದ ದುಬಾರಿ. ಟ್ರಾನ್ಸಿಸ್ಟರ್ ಬಂದ ಮೇಲೆ 1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆ ಬಳಕೆಗೆ ತಂದಿತು.

ಹಾಗಂತ ಉಳಿದವು ಮೂಲೆಗೆ ಬಿದ್ದಿಲ್ಲ. ಜೋಯಿಡಾ ಕಾಡಿನ ಮನೆಯಲ್ಲಿ ಸೋಲಾರ್ ಇದ್ದರೆ ಗೋಡೆಯ ಪುಟ್ಟ ಡಬ್ಬಿಯ ಮೇಲೆ ಪಿಡಬ್ಲ್ಯೂಎಂ ಎಂದು ಬರೆದಿದೆಯೇ ನೋಡಿ. ಅಲ್ಲಿ ಸಂದೇಶವೇ ಇಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟಿನ ಮಿಡಿತ ಕಿರಿದಾಗುತ್ತದೆ, ಅಷ್ಟೇ. ಅದಕ್ಕೆ ಪಿಸಿಎಂ ತಂದು ಕೂರಿಸುವವನಿಗೆ ಏನನ್ನಬೇಕು! ಪಿಪಿಎಂನ ನೆಂಟನೊಬ್ಬ ಟಿವಿ ರಿಮೋಟಿನಲ್ಲಿದ್ದಾನೆ. ಬಹಳಷ್ಟು ರಿಮೋಟುಗಳು ಕಾಣದ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿಟುಕಿಸಿ, ಮಿಟುಕುಗಳ ಗೊಂಚಲಿನ ನಡುವೆ ಬಿಡುವು ಕೊಡುತ್ತವೆ. ಬಿಡುವು ಗಿಡ್ಡವಿದ್ದರೆ ಸೊನ್ನೆ, ಉದ್ದವಿದ್ದರೆ ಒಂದು. ಮೊಬೈಲ್ ಕ್ಯಾಮೆರಾಕ್ಕೆ ಎದುರು ಹಿಡಿದು ಗುಂಡಿ ಒತ್ತಿದರೆ ಆ ಬೆಳಕು ಸಾಮಾನ್ಯವಾಗಿ ನೇರಳೆಯಾಗಿ ಕಾಣುತ್ತದೆ. ಕಾಣದಿದ್ದರೆ ಮೊದಲು ಸೆಲ್ ಬದಲಿಸಿ. ರಿಮೋಟಿನ ಬೆನ್ನಿಗೆ ಗುದ್ದುವ ಕಾರ್ಯಕ್ರಮ ಆಮೇಲೆ ಇಟ್ಟುಕೊಳ್ಳಬಹುದು.