ತೆಳು ತಂತಿಯ ಪರವಾಗಿ

ದಪ್ಪ ತಂತಿ ಹಾಕಿದರೇ ಎಲೆಕ್ಟ್ರಿಕ್ ಗಿಟಾರ್‌ಗೆ ಗಟ್ಟಿ ನಾದ ಎಂದು ಬಹಳ ಜನ ನಂಬಿದ್ದಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಜಾತ್ರೆಗಳಲ್ಲಿ ರಸಮಂಜರಿಗೆ ನುಡಿಸುವವರಿಗೆ ಈ ಮಾತು ಹೊಂದುವುದಿಲ್ಲ. ಸಿನಿಮಾ ಹಾಡಿನಲ್ಲಿ ಗಿಟಾರ್ ಕೊರಳನ್ನು ಹಿಂಬಾಲಿಸಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರಬೇಕಾದರೆ ಬೆರಳು ತಂತಿಯನ್ನು ಪಕ್ಕಕ್ಕೆ ಎಳೆಯಲೇಬೇಕು. ಇಪ್ಪತ್ತೈದೂವರೆ ಇಂಚು ಸ್ಕೇಲಿನ ಗಿಟಾರ್‌ನಲ್ಲಿ 9ರ ಸೆಟ್ಟಿನ (ಮೊದಲ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಪಾಲು) ಮೊದಲ ತಂತಿಯ ಬಿಗಿತ ಸುಮಾರು 6 ಕಿಲೋ, 10ರದ್ದು 7 ಕಿಲೋ ದಾಟುತ್ತದೆ. ದಪ್ಪ ಹೆಚ್ಚಿದ್ದು ಇಂಚಿನ ಸಾವಿರದಲ್ಲೊಂದು ಪಾಲು, ಬಿಗಿತ ಏರಿದ್ದು ಹೆಚ್ಚುಕಮ್ಮಿ ಕಾಲುಭಾಗ! ರಾತ್ರಿಯಿಡೀ ನುಡಿಸುವ ಕೈಗೆ ಇದು ಸಣ್ಣ ಹೊರೆಯಲ್ಲ.

ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿ ಹಾಕುತ್ತಿದ್ದರಲ್ಲ ಎನ್ನಬಹುದು. ಹೌದು, ಆದರೆ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು. ರಾಕ್ ತಂಡ ಝಡ್ ಝಡ್ ಟಾಪ್‌ನ ಬಿಲ್ಲಿ ಗಿಬನ್ಸ್ 7ರ ತಂತಿಯಲ್ಲೇ ತುಂಬು ನಾದ ತೆಗೆಯುತ್ತಾರೆ. ಸದ್ದು ಬೆಳೆಸುವ ಕೆಲಸ ಪಿಕಪ್ ಮತ್ತು ಆಂಪ್ಲಿಫೈಯರ್‌ನದು. ತೆಳು ತಂತಿ ಬೇಗ ತುಂಡಾಗುತ್ತದೆ, ಜೋರಾಗಿ ಬಾರಿಸಿದರೆ ಶ್ರುತಿ ಏರುತ್ತದೆ ಎಂಬ ಆಕ್ಷೇಪ ಮಾತ್ರ ನಿಜ. ಹಾಗಾಗಿ ರಿದಮ್ ಹಿಡಿಯುವವರಿಗೆ 10ರಿಂದ 46ರ ಸೆಟ್ಟೇ ಸರಿ, ಶ್ರುತಿ ಇಳಿಸಿ ಮೆಟಲ್ ನುಡಿಸುವವರಿಗೆ 11. ಇನ್ನು ರಾಯಚೂರು ಸೀಮೆಯ ಬೇಸಿಗೆ: ಬೆವರು ಕೂತ ಉಕ್ಕಿನ ತಂತಿ ತುಕ್ಕು ಹಿಡಿದು ಒರಟಾಗುತ್ತದೆ, ಮೀಂಡ್ ಎಳೆಯುವಾಗ ಬೆರಳಿಗೆ ತರಚುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ಕೆಳಮೈಯನ್ನೂ ಒರೆಸಿ. ತಂತಿಯ ಗೇಜ್, ಅಂದರೆ ದಪ್ಪ, ಬದಲಿಸಿದರೆ ನೆಕ್ಕಿನ ಬಾಗನ್ನೂ ಒಮ್ಮೆ ನೋಡಿಸಿ.